ಚೆನ್ನಪ್ಪನ ಬಳೆ ಮತ್ತು ಗೆರಟೆ ಎಣ್ಣೆ

ಬಾವಿ ತೋಡುವವನು ಕೆಳಕ್ಕೆ ಹೋಗುತ್ತಾನೆ, ಸುರಂಗ ತೋಡುವವನು ಅಡ್ಡಕ್ಕೆ ಹೋಗುತ್ತಾನೆ. ಬೆಳ್ಳೂರಿನ ಕಡೆ ಹೀಗೆ ಅಡ್ಡಕ್ಕೆ ಹೋದವರಲ್ಲಿ ಚೆನ್ನಪ್ಪನಷ್ಟು ಹೆಸರಾದವನು ಇನ್ನೊಬ್ಬನಿರಲಿಲ್ಲ. ಗುಡ್ಡದ ಬುಡದಲ್ಲಿ ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ತೂತು ಮಾಡಿ, ಕೆಂಪು ಮುರಕಲ್ಲನ್ನು ಪಿಕ್ಕಾಸಿನಿಂದ ಕೆತ್ತುತ್ತ ಕೆತ್ತುತ್ತ ಒಳಗೆಲ್ಲೋ ಕಲ್ಲು ಬೆವರುವ ಜಾಗ ಸಿಗುವವರೆಗೆ ಹೋಗುವುದು. ಸಿಕ್ಕಿತೋ, ನೀರು ತಾನಾಗಿಯೇ ಹರಿದು ಬಂದು ಅಂಗಳದ ತೊಟ್ಟಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ, ಯಾರ ಉಪಕಾರವೂ ಬೇಡ.

ಚೆನ್ನಪ್ಪ ಒಳಗೆ ಕೆತ್ತುವಾಗ ಹೆಂಡತಿ ಅಮ್ಮಣಿ ಸುರಂಗದ ಬಾಯಿಯಲ್ಲಿ ಕನ್ನಡಿ ಹಿಡಿದು ಕೂರುತ್ತಿದ್ದಳು. ಹೊರಗಿನ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಳಗೆ ಎಸೆಯುವುದು ಅವಳ ಕೆಲಸ. ಸೂರ್ಯ ಸರಿದ ಹಾಗೆ ಅವಳೂ ಸರಿಯಬೇಕು. ಮದುವೆಯಾದ ಮರುವಾರದಿಂದ ಶುರುವಾದ ಕೆಲಸ ಅದು. ಗಂಡನ ಮುಖಕ್ಕಿಂತ ಅವನ ಬೆನ್ನೇ ತನಗೆ ಹೆಚ್ಚು ಗುರ್ತ ಎಂದು ಅವಳು ಹೇಳುವುದುಂಟು.

ಆಮೇಲೆ ಬೋರ್‌ವೆಲ್ಲಿನ ಲಾರಿಗಳು ಬಂದವು. ಚೆನ್ನಪ್ಪ ಒಂದು ಬೇಸಿಗೆಯಿಡೀ ಕೆತ್ತುವುದನ್ನು ಅವು ಒಂದು ಹಗಲಿನಲ್ಲಿ ಮುಗಿಸಿ ಹೋಗುತ್ತಿದ್ದವು. ಸುರಂಗ ತೋಡಿಸುವವರು ಕಡಿಮೆಯಾದರು, ಮತ್ತೆ ಇಲ್ಲವೇ ಆದರು. ಚೆನ್ನಪ್ಪನ ಕೆಲಸ ನಿಂತಿತು. ಆದರೆ ಅದನ್ನು ಅವನ ಹಸಿವಿಗೆ ಯಾರೂ ತಿಳಿಸಲಿಲ್ಲ. ಗುಡ್ಡ ಕೊರೆಯುವವನ ಊಟವನ್ನೇ ಅವನು ಜಗಲಿಯಲ್ಲಿ ಕೂತವನಾಗಿ ಉಂಡ. ಕುಚ್ಚಲಕ್ಕಿಯ ಗುಡ್ಡ ಬಟ್ಟಲಿನಲ್ಲಿ ಕರಗುತ್ತಿತ್ತು, ಅದೇ ಗುಡ್ಡ ಅವನ ಸೊಂಟದ ಸುತ್ತ ಎದ್ದು ನಿಲ್ಲುತ್ತಿತ್ತು.

ಅದರಿಂದ ಯಾರಿಗೂ ತೊಂದರೆಯಿರಲಿಲ್ಲ, ಅವನ ಮನೆಯ ಸುರಂಗ ಕೈಕೊಡುವವರೆಗೆ.

ಆ ಸುರಂಗ ತೋಡಿದವನು ಚೆನ್ನಪ್ಪನ ಅಪ್ಪ. ಅವನದ್ದು ಬಡಕಲು ಮೈ, ಗೋಡೆಗೆ ಒರಗಿಸಿಟ್ಟ ಕೋಲಿನ ಹಾಗೆ. ಒಳಗೆ ಹೋಗ್ತಾ ಹೋಗ್ತಾ ಕಪ್ಪು ಪಾದೆಕಲ್ಲು ಎದುರಾದಾಗ ಅವನು ಹಿಂದೆ ಬರಲಿಲ್ಲ. ಎರಡು ಬಂಡೆಗಳ ನಡುವೆ ಇದ್ದ ಮೆದು ಮಣ್ಣನ್ನಷ್ಟೇ ತೆಗೆದು, ಹೊಟ್ಟೆಯ ಮೇಲೆ ತೆವಳಿ ಆಚೆಗೆ ದಾಟಿದ. ಆ ಕಿರಿದಾದ ಜಾಗಕ್ಕೆ ಮನೆಯವರೆಲ್ಲ ಸುರಂಗದ ಸೊಂಟ ಎಂದೇ ಹೇಳುತ್ತಿದ್ದರು. ನೀರಿನ ಕಣ್ಣು ಇದ್ದದ್ದು ಸೊಂಟದ ಆಚೆಗೆ.

ಎರಡು ಸಾವಿರದ ಹದಿನೇಳರ ಮಳೆಗಾಲದಲ್ಲಿ ಸೊಂಟದ ಆಚೆ ಮಣ್ಣು ಜರಿಯಿತು. ತೊಟ್ಟಿಗೆ ಬೀಳುತ್ತಿದ್ದ ನೀರು ಹೆಬ್ಬೆರಳಿನಿಂದ ಕಿರುಬೆರಳಿಗಿಳಿಯಿತು, ದೀಪಾವಳಿಯ ಹೊತ್ತಿಗೆ ನೂಲಾಯಿತು. ಪಕ್ಕದ ಮನೆಯ ಸುಬ್ಬರಾಯ ಭಟ್ಟರು ಒಳ್ಳೆಯವರು. ತಮ್ಮ ಬೋರ್‌ವೆಲ್ಲಿನಿಂದ ಒಂದು ಪೈಪು ಎಳೆದು ಇವರ ತೊಟ್ಟಿಗೆ ಬಿಟ್ಟರು. ಚೆನ್ನಪ್ಪ ಸುರಂಗಕ್ಕೆ ಹೋಗುವ ದಿನವನ್ನು ಮುಂದೆ ಹಾಕುತ್ತ ಬಂದ. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಪಿಕ್ಕಾಸು ಹಿಡಿದು ಹೋದವನು ಅಪ್ಪನ ಸೊಂಟದಲ್ಲಿ ತಲೆ ತೂರಿಸಿದ, ಹೆಗಲು ತೂರಿಸಿದ, ಅಲ್ಲಿಗೆ ನಿಂತ. ಅಪ್ಪನ ಸೊಂಟಕ್ಕೂ ಮಗನ ಸೊಂಟಕ್ಕೂ ಹೊಂದಾಣಿಕೆಯಾಗಲಿಲ್ಲ. ಹಾಗೆಯೇ ಹಿಂದೆ ಹಿಂದೆ ಬಂದ.

ಅಮ್ಮಣಿ ಕನ್ನಡಿ ಕೆಳಗಿಟ್ಟು ಒಂದೇ ಮಾತು ಹೇಳಿದಳು.

"ಬಿಸುವಿನವರೆಗೆ ನೋಡ್ತೇನೆ. ಮತ್ತೆ ಬೋರಿನವರಿಗೆ ಹೇಳುವುದೇ. ಭಟ್ರ ಮುಖ ನೋಡಿ ನೋಡಿ ನನಗೆ ಸಾಕಾಗಿದೆ."

ಏಪ್ರಿಲ್ ನಡುವಿಗೆ ಬರುವ ಬಿಸು ಹಬ್ಬಕ್ಕೆ ಎರಡು ತಿಂಗಳು ಇರಲಿಲ್ಲ. ಗುಡ್ಡದ ಬುಡದಲ್ಲಿ ಬೋರು ಇಳಿಸಿದರೆ ಅಪ್ಪನ ಸುರಂಗದ ಕಣ್ಣು ಬತ್ತಿಹೋಗುತ್ತದೆ ಎಂಬುದು ಚೆನ್ನಪ್ಪನ ಹೆದರಿಕೆ. ಶ್ಯಾಮ ಅಂತ ಒಬ್ಬ ಸಪೂರದ ಹುಡುಗ ಈಗಲೂ ಸುರಂಗದ ಕೆಲಸ ಮಾಡುತ್ತಿದ್ದಾನೆ, ಅವನನ್ನು ಕರೆಯಿರಿ ಎಂದು ಭಟ್ಟರು ಹೇಳಿ ನೋಡಿದರು. ಅಪ್ಪ ತೆವಳಿದ ಜಾಗದಲ್ಲಿ ಬೇರೆಯವನ ಪಿಕ್ಕಾಸು ತಾಗುವುದಾದರೆ ತಾನು ಈ ಊರಿನಲ್ಲಿರುವುದಿಲ್ಲ ಎಂದ ಚೆನ್ನಪ್ಪ. ಹಾಗಾದರೆ ಉಳಿದದ್ದು ಒಂದೇ ದಾರಿ. ಪಾದೆಕಲ್ಲು ಹಿಗ್ಗುವುದಿಲ್ಲ, ಅವನೇ ಕುಗ್ಗಬೇಕು.

ಸರಿಯಾಗಿ ಆಗ ಅಕ್ಕನ ಮಗ ವಿಜೇತ್ ಶಾರ್ಜಾದಿಂದ ರಜೆಯಲ್ಲಿ ಬಂದ. ಹೋಗುವಾಗ ಅಕ್ಕಿಮೂಟೆಯಂತೆ ಇದ್ದವನು ಬರುವಾಗ ಖಾಲಿ ಗೋಣಿಯಂತಿದ್ದ. ಕೀಟೋ ಎಂಬ ಪಥ್ಯ ಅಂತೆ. ಅನ್ನ, ಗೆಣಸು, ಸಕ್ಕರೆ ಎಲ್ಲ ಬಂದ್. ಮೀನು, ಮೊಟ್ಟೆ, ಸೊಪ್ಪು, ತುಪ್ಪ, ತೆಂಗಿನೆಣ್ಣೆ. ವಾಟ್ಸಾಪಿನ ಗುಂಪಿನಲ್ಲಿ ಮಲಯಾಳದಲ್ಲಿ ಪಾಠವಾಗುತ್ತದಂತೆ.

"ಎಣ್ಣೆ ತಿಂದರೆ ಕೊಬ್ಬು ಬರುವುದಲ್ಲವಾ ಮಾರಾಯ?" ಚೆನ್ನಪ್ಪ ಕೇಳಿದ.

"ಅದು ಹಳೆಯ ಕಾಲದ ಮಾತು ಮಾಮ. ಕೊಬ್ಬನ್ನು ಕರಗಿಸುವುದೇ ಕೊಬ್ಬು."

ಬೇರೆ ಊರಿನವನಾದರೆ ಈ ಮಾತನ್ನು ಅಲ್ಲಿಯೇ ಬಿಡುತ್ತಿದ್ದ. ಆದರೆ ಚೆನ್ನಪ್ಪ ಹುಟ್ಟಿದಂದಿನಿಂದ ಹಲಸಿನಕಾಯಿ ಕೊಯ್ದವನು. ಹಲಸಿನ ಮೇಣ ಕೈಗೆ ಹಿಡಿದರೆ ನೀರಿಗೆ ಹೋಗುವುದಿಲ್ಲ, ಸಾಬೂನಿಗೆ ಹೋಗುವುದಿಲ್ಲ, ತೆಂಗಿನೆಣ್ಣೆ ಹಾಕಿ ತಿಕ್ಕಿದರೆ ಮಾತ್ರ ಬಿಡುತ್ತದೆ. ಅಂಟಿಗೆ ಜಿಡ್ಡೇ ಮದ್ದು. ಸೊಂಟಕ್ಕೆ ಹಿಡಿದದ್ದೂ ಒಂದು ಮೇಣವೇ, ಒಳಗಿನಿಂದ ಹಿಡಿದಿದೆ, ಆದ್ದರಿಂದ ಎಣ್ಣೆಯನ್ನೂ ಒಳಗಿನಿಂದಲೇ ಹಾಕಬೇಕು. ಇಷ್ಟು ಸುಲಭದ ವಿಷಯ ಇಷ್ಟು ವರ್ಷ ತನಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು.

ಎಷ್ಟು ಎಣ್ಣೆ ಎಂಬುದೊಂದೇ ಪ್ರಶ್ನೆ ಉಳಿಯಿತು. ವಿಜೇತ್ ಮೊಬೈಲು ನೋಡಿ, ನೂರಕ್ಕೆ ಎಪ್ಪತ್ತೈದು ಕೊಬ್ಬು ಇರಬೇಕು ಎಂದ. ಯಾವುದರ ನೂರಕ್ಕೆ ಎಂದು ಅವನು ಹೇಳಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ರಜೆ ಮುಗಿಸಿ ವಿಮಾನ ಹತ್ತಿದ. ಚೆನ್ನಪ್ಪ ಬಟ್ಟಲು ಮುಂದಿಟ್ಟುಕೊಂಡು ಲೆಕ್ಕ ಹಾಕಿದ. ಬಟ್ಟಲಿನ ಮುಕ್ಕಾಲು ಪಾಲು ಎಣ್ಣೆ, ಉಳಿದ ಕಾಲು ಪಾಲಿನಲ್ಲಿ ಬೂತಾಯಿ ಮೀನು. ಮೀನು ಸತ್ತ ಮೇಲೆ ಮತ್ತೊಮ್ಮೆ ಈಜಿತು.

ಅಳತೆಗೆ ತೂಕದ ಯಂತ್ರ ಅವನಿಗೆ ಬೇಡವಾಗಿತ್ತು. ಒಂದು ಬೆತ್ತ ತೆಗೆದುಕೊಂಡು ಸುರಂಗದೊಳಗೆ ಹೋಗಿ, ಸೊಂಟದ ಅಂಚಿಗೆ ಸರಿಯಾಗಿ ಬಗ್ಗಿಸಿ, ತುದಿಯ ಮೇಲೆ ತುದಿ ಒಂದು ಗೇಣು ಬರುವ ಹಾಗೆ ತೆಂಗಿನ ನಾರಿನ ಹಗ್ಗದಿಂದ ಕಟ್ಟಿ ತಂದ. ದೊಡ್ಡ ಬಳೆಯ ಹಾಗೆ ಕಾಣುತ್ತಿತ್ತು. ಅದನ್ನು ಜಗಲಿಯ ಮೊಳೆಗೆ ನೇತುಹಾಕಿದ. ದಿನಾ ಬೆಳಿಗ್ಗೆ ಎರಡು ಕೈ ಮೇಲೆತ್ತಿ ತಲೆಯಿಂದ ಬಳೆ ಇಳಿಸಿಕೊಳ್ಳುವುದು. ಅದು ಪಾದ ಮುಟ್ಟಿದ ದಿನ ಸುರಂಗಕ್ಕೆ ಹೊರಡುವುದು.

ಬೆಳಿಗ್ಗೆ ಒಂದು ಗೆರಟೆ, ಅಂದರೆ ತೆಂಗಿನ ಚಿಪ್ಪಿನ ತುಂಬ, ತೆಂಗಿನೆಣ್ಣೆ. ಮಧ್ಯಾಹ್ನ ಈಜುವ ಮೀನು. ಸಂಜೆ ಚಾಯದ ಬದಲು ಬಿಸಿ ತುಪ್ಪ. ಮೊದಲ ವಾರ ಬಳೆ ಒಂದು ಬೆರಳು ಕೆಳಗಿಳಿಯಿತು. ಅನ್ನ ಬಿಟ್ಟವರಿಗೆ ಮೊದಲು ಮೈಯ ನೀರು ಇಳಿಯುವುದುಂಟು. ಅದಲ್ಲದೆ ಆ ವಾರವಿಡೀ ಚೆನ್ನಪ್ಪ ಹಗಲಿನ ಬಹುಪಾಲನ್ನು ಚೆಂಬು ಹಿಡಿದುಕೊಂಡು ಗೇರುಮರದ ಹಿತ್ತಿಲಿನಲ್ಲಿಯೇ ಕಳೆದಿದ್ದ. ಅವನು ಮಾತ್ರ ಅದನ್ನು ಎಣ್ಣೆಯ ಮಹಿಮೆ ಎಂದುಕೊಂಡ. ಎರಡನೆಯ ವಾರ ಬಳೆ ಇಳಿಯಲಿಲ್ಲ. ಮೇಣ ಗಟ್ಟಿಯಿದೆ ಎಂದು ಗೆರಟೆ ಎರಡಾಯಿತು. ಮೂರನೆಯ ವಾರ ಬಳೆ ಮೊದಲಿದ್ದಲ್ಲಿಗೇ ಏರಿ ನಿಂತಿತು. ಗೆರಟೆ ಮೂರಾಯಿತು.

ಮನೆಯಲ್ಲಿ ಪದಾರ್ಥಕ್ಕೆ ಒಗ್ಗರಣೆಯಿಲ್ಲ, ಅಮ್ಮಣಿಯ ತಲೆಗೆ ಎಣ್ಣೆಯಿಲ್ಲ, ದೇವರ ದೀಪ ಬತ್ತಿಯನ್ನೇ ತಿನ್ನುತ್ತಿತ್ತು. ಚೆನ್ನಪ್ಪ ಮಾತ್ರ ಹೊಳೆಯುತ್ತಿದ್ದ. ಊರಿನ ಬೆಕ್ಕುಗಳು ಅವನ ಹಿಂದೆ ಹೊರಡುತ್ತಿದ್ದವು. ಇರುವೆಗಳ ಸಾಲು ಹೊಸ್ತಿಲು ದಾಟಿ ಬಂದು, ಬೆಲ್ಲದ ಡಬ್ಬವನ್ನು ಬಿಟ್ಟು ಅವನ ಚಾಪೆಯ ಕಡೆಗೆ ತಿರುಗುತ್ತಿತ್ತು.

ಇತ್ತ ಬಳೆಯ ಸುದ್ದಿ ಊರೆಲ್ಲ ಹಬ್ಬಿತು. ಜಗಲಿಗೆ ಬಂದವರು ಯಾರೂ ಬಳೆ ತೊಡದೆ ಹೋಗುವಂತಿಲ್ಲ ಎಂದಾಯಿತು. ಪೋಸ್ಟಿನವನು ತೊಟ್ಟ, ಸಲೀಸಾಗಿ ಇಳಿಯಿತು, ಆವತ್ತಿನಿಂದ ಅವನು ಸೈಕಲನ್ನು ನೆಟ್ಟಗೆ ಕೂತು ತುಳಿದ. ಹಾಲಿನ ಸೊಸೈಟಿಯ ಹರಿನಾಥನಿಗೆ ಎದೆಯಲ್ಲಿಯೇ ನಿಂತಿತು, ಅವನು ಮೂರು ದಿನ ಆ ದಾರಿಯಲ್ಲಿ ಬರಲಿಲ್ಲ. ಅಡೂರಿನಿಂದ ಹೆಣ್ಣು ನೋಡಲು ಬಂದವರು ಯಾರೋ ದಾರಿ ತಪ್ಪಿ ಈ ಜಗಲಿ ಹತ್ತಿದರು, ಅವರನ್ನೂ ಬಿಡಲಿಲ್ಲ. ಮದುಮಗನಿಗೆ ಬಳೆ ಇಳಿಯಿತೆಂದು ಕೇಳಿದ ಮೇಲೆಯೇ ಹೆಣ್ಣಿನ ಕಡೆಯವರು ಒಪ್ಪಿದರಂತೆ.

ಕೊನೆಗೆ ಸುಬ್ಬರಾಯ ಭಟ್ಟರು ಬಂದರು. ಭಟ್ಟರು ಭಾರೀ ಆಳು, ಪಾಯಸದ ಪಂಕ್ತಿಯಲ್ಲಿ ಸೋತವರಲ್ಲ. ತಾನು ಸುಮ್ಮನೆ ನೋಡಲು ಬಂದದ್ದು ಎಂದರು. ನೋಡ್ತಾ ನೋಡ್ತಾ ಕೈ ಮೇಲೆತ್ತಿದರು. ಬಳೆ ಹೊಟ್ಟೆಯ ನಡುವೆ ಕೂತು, ಮೇಲೂ ಬಾರದೆ ಕೆಳಗೂ ಹೋಗದೆ, ಭಟ್ಟರು ಚಕ್ರ ತೊಟ್ಟ ಬಂಡಿಯಂತಾದರು. ಚೆನ್ನಪ್ಪ ಒಂದು ಕಡೆ, ಹರಿನಾಥ ಇನ್ನೊಂದು ಕಡೆ ಹಿಡಿದು ಎಳೆದರು. ಬೆತ್ತ ಕಿರ್ರ್ ಎಂದಿತು, ಹಗ್ಗ ಕಿರ್ರ್ ಎಂದಿತು, ಭಟ್ಟರು ಶಿವ ಶಿವ ಎಂದರು. ಬಳೆ ಕಳಚಿ ಬಂತು. ಎಲ್ಲರೂ ಭಟ್ಟರ ಹೊಟ್ಟೆ ನೋಡಿದರು, ಬಳೆಯನ್ನು ಯಾರೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಚೆನ್ನಪ್ಪ ಕೈ ಮೇಲೆತ್ತಿದ. ಬಳೆ ತಲೆ ದಾಟಿತು, ಎದೆ ದಾಟಿತು, ಹೊಟ್ಟೆಯನ್ನು ಒಂದು ಗಳಿಗೆ ಆಲೋಚಿಸಿ ದಾಟಿತು, ಪಾದದ ಬುಡದಲ್ಲಿ ಟಪ್ ಎಂದು ಬಿತ್ತು.

ಆ ಸದ್ದು ಊರಿಗೆ ಕೇಳಿತು ಎಂದರೂ ಸರಿಯೆ. ಮೂರು ಗೆರಟೆಯ ಮದ್ದು ಹಿಡಿಯಿತು ಎಂದು ಸುದ್ದಿಯಾಗಿ, ಮಧ್ಯಾಹ್ನದ ಹೊತ್ತಿಗೆ ಹರಿನಾಥ ಒಂದು ಗೆರಟೆ ಕುಡಿದಾಗಿತ್ತು. ಭಟ್ಟರು ತುಪ್ಪದಲ್ಲಿ ಶುರು ಮಾಡಿದರು. ಎಣ್ಣೆಮಿಲ್ಲಿನ ಮುಂದೆ ಜನ ಬಾಟಲಿ ಹಿಡಿದು ನಿಂತರು, ಊರಿನ ಗೇರುತೋಪುಗಳಲ್ಲಿ ಆ ವಾರ ಭಾರೀ ಓಡಾಟ.

ಚೆನ್ನಪ್ಪ ಪಿಕ್ಕಾಸು ಹೆಗಲಿಗೇರಿಸಿ ಸುರಂಗಕ್ಕೆ ಹೋದ. ಅಮ್ಮಣಿ ಕನ್ನಡಿ ಹಿಡಿದಳು. ಅಪ್ಪನ ಸೊಂಟದಲ್ಲಿ ತಲೆ ಹೋಯಿತು, ಹೆಗಲು ಹೋಯಿತು. ಅಲ್ಲಿಗೆ ನಿಂತಿತು, ಮೊದಲ ಸಲ ನಿಂತಲ್ಲಿಯೇ, ಒಂದು ಕೂದಲೆಳೆ ಆಚೆಯಿಲ್ಲ ಈಚೆಯಿಲ್ಲ. ಬಂಡೆ ತಣ್ಣಗೆ ಪಕ್ಕೆಗೆ ಒತ್ತುತ್ತಿತ್ತು. ಆಚೆ ಕತ್ತಲೆಯಲ್ಲಿ ಎಲ್ಲೋ ಒಂದು ಹನಿ ಬೀಳುವ ಸದ್ದು. ಅವನಿಗೆ ಬೇಕಾದದ್ದು ಒಂದು ಮಾರು ದೂರದಲ್ಲಿತ್ತು. ಹಿಂದೆ ಹಿಂದೆ ಬಂದವನು ಬಿಸಿಲಿನಲ್ಲಿ ಕೂತು ಬಂಡೆ ಬೆಳೆದಿದೆ ಎಂದ. ಗುಡ್ಡವೂ ತನ್ನ ಮೇಲೆ ಹಠ ಕಟ್ಟಿದೆ ಎಂದ.

ಅಮ್ಮಣಿ ಮನೆಗೆ ಹೋಗಿ ಬಳೆ ತಂದಳು. ಗಂಟಿನ ಜಾಗದಲ್ಲಿ ಕೈಯಿಟ್ಟು ತೋರಿಸಿದಳು. ತುದಿಯ ಮೇಲೆ ತುದಿ ಒಂದು ಗೇಣು ಇದ್ದದ್ದು ಈಗ ನಾಲ್ಕು ಬೆರಳಿಗೆ ಇಳಿದಿತ್ತು. ಪೋಸ್ಟಿನವನಿಂದ ಭಟ್ಟರವರೆಗೆ ಒಬ್ಬೊಬ್ಬರು ಒಂದಿಷ್ಟು ಜಾರಿಸಿದ್ದರು.

"ಸಪೂರ ಆದದ್ದು ನೀವಲ್ಲ," ಅಮ್ಮಣಿ ಹೇಳಿದಳು. "ದಪ್ಪ ಆದದ್ದು ಬಳೆ."

ಆ ದಿನ ಚೆನ್ನಪ್ಪ ಎಣ್ಣೆ ಕುಡಿಯಲಿಲ್ಲ, ಊಟವೂ ಮಾಡಲಿಲ್ಲ. ಬಿಸುವಿಗೆ ಮೂರು ವಾರ ಉಳಿದಿತ್ತು. ಅಮ್ಮಣಿ ಬೋರಿನವರಿಗೆ ಫೋನು ಮಾಡಿ, ಬಿಸುವಿನ ಮುನ್ನಾದಿನಕ್ಕೆ ಲಾರಿ ಬರಲಿ ಎಂದು ಹೇಳಿಟ್ಟಳು. ಅವನಿಗೆ ಕೇಳುವ ಹಾಗೆಯೇ ಹೇಳಿದಳು.

ಎರಡು ದಿನ ಕಳೆದು ಆಸ್ಪತ್ರೆಯ ಸಿಸ್ಟರ್ ಪರಮೇಶ್ವರಿ ಮನೆ ಮನೆ ನೋಡುತ್ತ ಬಂದರು. ಪಂಚಾಯತಿನ ಈ ವಾರ್ಡಿನಲ್ಲಿ ಎಲ್ಲರಿಗೂ ಒಟ್ಟಿಗೆ ಹೊಟ್ಟೆ ಕೆಟ್ಟದ್ದು ಯಾಕೆ ಎಂದು ವಿಚಾರಿಸುವುದಕ್ಕೆ ಬಂದದ್ದು. ನೀರಿನಲ್ಲಿ ದೋಷವಿರಬೇಕೆಂದು ತೊಟ್ಟಿಯಿಂದ ಬಾಟಲಿಯಲ್ಲಿ ನೀರು ತುಂಬಿಸಿಯೂ ಆಗಿತ್ತು. ಅಮ್ಮಣಿ ಬಾಟಲಿಯನ್ನು ಕೈಯಿಂದ ತೆಗೆದು ಚೆಲ್ಲಿ, ಗಂಡನನ್ನು ತೋರಿಸಿದಳು.

ಸಿಸ್ಟರ್ ಎಲ್ಲ ಕೇಳಿಕೊಂಡರು. ಗೆರಟೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಪ್ರೆಶರು ನೋಡಿದರು, ಸಕ್ಕರೆ ಕಾಯಿಲೆಯ ಮಾತ್ರೆ ಏನಾದರೂ ಉಂಟಾ ಎಂದು ಕೇಳಿದರು, ಇಲ್ಲ ಎಂದಾಗ ಬದುಕಿದಿರಿ ಎಂದರು. ಮತ್ತೆ ಮೆಲ್ಲನೆ ಹೇಳಿದರು.

"ಅನ್ನ ಬಿಟ್ಟದ್ದಕ್ಕೆ ನಾನು ಎಂತದೂ ಹೇಳುವುದಿಲ್ಲ ಚೆನ್ನಪ್ಪಣ್ಣ. ಆಗ ಮೈ ಕೊಬ್ಬನ್ನು ಉರಿಸಲು ಶುರು ಮಾಡ್ತದೆ, ಅದು ಸರಿಯೇ. ಮುಕ್ಕಾಲು ಪಾಲು ಕೊಬ್ಬು ಅಂದದ್ದೂ ಸುಳ್ಳಲ್ಲ. ಆದರೆ ಅದೆಲ್ಲ ಬಾಯಿಯಿಂದಲೇ ಬರಬೇಕೂಂತ ಎಂತ ಉಂಟು? ಬಾಯಿಯಿಂದ ಬಂದದ್ದನ್ನು ಅದು ಮೊದಲು ಉರಿಸ್ತದೆ. ನೀವು ಮೂರು ಗೆರಟೆ ಹೊಯ್ದರೆ ಅದಕ್ಕೆ ಸೊಂಟದ ನೆನಪಾದರೂ ಯಾಕೆ ಬರಬೇಕು?"

"ಹಾಗಾದರೆ ಎಷ್ಟು ಎಣ್ಣೆ?"

"ಪದಾರ್ಥಕ್ಕೆ ಬೀಳುವಷ್ಟು. ಮೀನು, ಮೊಟ್ಟೆ, ಸೊಪ್ಪು ಹೊಟ್ಟೆಗಾಗುವಷ್ಟು ತಿನ್ನಿ, ಹಸಿದುಕೊಂಡು ಕೂರಬೇಡಿ. ಉಳಿದ ಕೊಬ್ಬು ನಿಮ್ಮಲ್ಲಿಯೇ ಉಂಟಲ್ಲ, ಇಷ್ಟು ವರ್ಷ ಸೇರಿಸಿಟ್ಟದ್ದು."

ಚೆನ್ನಪ್ಪನಿಗೆ ಇದು ತಲೆಗೆ ಹತ್ತಲಿಲ್ಲ. ಹಲಸಿನ ಮೇಣದ ವಿಷಯ ಎತ್ತಿದ. ಆಗ ಅಮ್ಮಣಿ ಅಂಗಳದ ತೊಟ್ಟಿಯ ಕಡೆಗೆ ಕೈ ಮಾಡಿದಳು. ಭಟ್ಟರ ಪೈಪಿನಿಂದ ನೀರು ಜೊರ್ರೆಂದು ಬೀಳುತ್ತಿತ್ತು.

"ಮಳೆಗಾಲದಲ್ಲಿ ಮಣ್ಣು ಜರಿದದ್ದು. ನೀವು ಸುರಂಗಕ್ಕೆ ಹೋದದ್ದು ಯಾವಾಗ? ಶಿವರಾತ್ರಿ ಕಳೆದು. ಅಷ್ಟು ದಿನ ಯಾಕೆ ಹೋಗಲಿಲ್ಲ ಹೇಳಿ ನೋಡುವ."

ಚೆನ್ನಪ್ಪ ಪೈಪು ನೋಡಿದ, ತನ್ನ ಹೊಟ್ಟೆ ನೋಡಿದ, ಮತ್ತೆ ಪೈಪು ನೋಡಿದ. ಪುಕ್ಕಟೆ ನೀರು ಬರುತ್ತಿರುವಾಗ ಕತ್ತಲೆಗೆ ತೆವಳುವವರು ಯಾರು? ತನ್ನ ಮೈ ತನ್ನ ಹಾಗೆಯೇ ಮೈಗಳ್ಳ ಎಂದು ಅವನಿಗೆ ಆವತ್ತು ಗೊತ್ತಾಯಿತು. ಎದ್ದು ಹೋಗಿ ಎಣ್ಣೆಯ ಡಬ್ಬವನ್ನು ಅಟ್ಟಕ್ಕೆ ಹಾಕಿದ. ಹೋದ ದಾರಿಯಲ್ಲಿಯೇ ಭಟ್ಟರ ಪೈಪನ್ನೂ ತೊಟ್ಟಿಯಿಂದ ಎಳೆದು ಬಿಸಾಡಿದ. ಪೈಪು ಎಳೆಯುವುದು ಬೇಕಿರಲಿಲ್ಲ. ಅಲ್ಲಿಂದ ಬಿಸುವಿನವರೆಗೆ ಅಮ್ಮಣಿ ಭಟ್ಟರ ಅಂಗಳದಿಂದ ಕೊಡದಲ್ಲಿ ನೀರು ಹೊತ್ತಳು, ಹೊತ್ತ ಒಂದೊಂದು ಕೊಡಕ್ಕೂ ಒಂದೊಂದು ಬೈಗುಳ ಕೊಟ್ಟಳು.

ಬಳೆಯನ್ನು ಮತ್ತೆ ಸುರಂಗಕ್ಕೆ ಒಯ್ದು ಬಂಡೆಗೆ ಹಿಡಿದು ಸರಿಮಾಡಿ, ಈ ಸಲ ತಂತಿಯಲ್ಲಿ ಬಿಗಿದ. ಜಗಲಿಯ ಜನಕ್ಕೆ ಮುಟ್ಟಬಾರದು ಎಂದ. ಬೂತಾಯಿಯ ಹುಳಿಖಾರದ ಪುಳಿಮುಂಚಿ, ಬೇಯಿಸಿದ ಮೊಟ್ಟೆ, ಬಸಳೆ, ತೊಂಡೆಕಾಯಿಯ ಪಲ್ಯ. ಎಣ್ಣೆ ಬಾಣಲೆಗೆ ಬಿದ್ದಷ್ಟೇ. ಸಂಜೆ ಹೊತ್ತು ಹಸಿವೆ ಬಂದು ಹೊಸ್ತಿಲಲ್ಲಿ ಕೂರುತ್ತಿತ್ತು. ಒಂದು ಮೊಟ್ಟೆ ಕೊಟ್ಟು ಕಳಿಸುತ್ತಿದ್ದ. ಬೆಕ್ಕುಗಳು ಒಂದೊಂದಾಗಿ ಬೇರೆ ಮನೆ ನೋಡಿಕೊಂಡವು. ಬಳೆ ದಿನಕ್ಕೊಂದು ನೂಲಿನಷ್ಟು ಇಳಿಯಿತು, ಕೆಲವು ದಿನ ಇಳಿಯದೆ ಮುಖ ತಿರುಗಿಸಿತು.

ಬಿಸುವಿನ ಮುನ್ನಾದಿನ ಬೆಳಿಗ್ಗೆ ಅದು ಸೊಂಟದ ಕೊನೆಯ ಸುಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಇನ್ನು ಒಂದು ಬೆರಳು ಸಾಕಿತ್ತು. ಅಷ್ಟರಲ್ಲಿ ಕೆಳಗಿನ ರಸ್ತೆಯಲ್ಲಿ ಬೋರಿನ ಲಾರಿ ಗುಡುಗುಡು ಎನ್ನುತ್ತ ಬಂದು ನಿಂತಿತು. ಚೆನ್ನಪ್ಪ ಯಾರ ಮುಖವನ್ನೂ ನೋಡದೆ ಪಿಕ್ಕಾಸು ಎತ್ತಿಕೊಂಡ.

ಕನ್ನಡಿಯನ್ನು ಅಮ್ಮಣಿ ಲಾರಿಯ ಸದ್ದಿಗೆ ಬಂದಿದ್ದ ಭಟ್ಟರ ಕೈಗೆ ಕೊಟ್ಟು, ಗಂಡನ ಹಿಂದೆ ತಾನೂ ಒಳಗೆ ನುಗ್ಗಿದಳು. ಭಟ್ಟರಿಗೆ ಕನ್ನಡಿ ಹಿಡಿದು ಅಭ್ಯಾಸವಿರಲಿಲ್ಲ. ಬೆಳಕು ಒಮ್ಮೆ ಮಾಡಿಗೆ, ಒಮ್ಮೆ ನೆಲಕ್ಕೆ ಹಾರುತ್ತಿತ್ತು. ತಲೆ ಹೋಯಿತು, ಹೆಗಲು ಹೋಯಿತು, ಹೊಟ್ಟೆಯ ಅರ್ಧ ಹೋಯಿತು. ನಿಂತಿತು. ಹೊರಗೆ ಲಾರಿಯವರು ಹಾರ್ನು ಹಾಕಿದರು.

"ಅಮ್ಮಣೀ," ಬಂಡೆಯೊಳಗಿನಿಂದ ಧ್ವನಿ ಬಂತು, "ಹಲಸಿನ ಮೇಣಕ್ಕೆ ಎಣ್ಣೆ ಹಾಕುವುದು ಎಲ್ಲಿಗೆ?"

"ಕೈಗೆ."

"ಹೊರಗಿನಿಂದ ಅಲ್ಲವಾ?"

ಅವಳಿಗೆ ಅರ್ಥವಾಯಿತು. ತಿರುಗಿ ತೆವಳಿಕೊಂಡು ಹೋಗಿ, ಅಟ್ಟದ ಡಬ್ಬದಿಂದ ಒಂದು ಗೆರಟೆ ಎಣ್ಣೆ ತುಂಬಿಸಿ ತಂದಳು. ಇಷ್ಟು ವರ್ಷ ದೂರದಿಂದ ಬೆಳಕು ಹಾಕಿ ನೋಡಿದ ಬೆನ್ನಿಗೆ, ಪಕ್ಕೆಗೆ, ಎರಡೂ ಕೈಯಿಂದ ತಿಕ್ಕಿದಳು. ಗೆರಟೆ ಅರ್ಧವೂ ಖಾಲಿಯಾಗಿರಲಿಲ್ಲ. ಪುಸಕ್ಕನೆ ಚೆನ್ನಪ್ಪ ಆಚೆಗೆ ಜಾರಿದ. ಅವನ ಎರಡು ಪಾದ ಒಂದು ಗಳಿಗೆ ಕಂಡು ಮಾಯವಾದವು.

ಆಚೆಯಿಂದ ಪಿಕ್ಕಾಸಿನ ಸದ್ದು ಬಂತು. ಬಹಳ ಹೊತ್ತು ಬಂತು. ಮಣ್ಣು ಈಚೆಗೆ ಬಂದ ಹಾಗೆ ಅಮ್ಮಣಿ ಬುಟ್ಟಿಯಲ್ಲಿ ಎಳೆದಳು. ಮತ್ತೆ ಪಿಕ್ಕಾಸು ನಿಂತಿತು. ಕೆಂಪು ನೀರು ಅವಳ ಮೊಣಕಾಲು ನೆನೆಸಿ, ದಾರಿ ನೆನಪು ಮಾಡಿಕೊಳ್ಳುತ್ತ ಹೊರಗೆ ಹೋಯಿತು. ಅದರ ಹಿಂದೆಯೇ ಅಪ್ಪನ ಸೊಂಟದಿಂದ ಚೆನ್ನಪ್ಪನ ತಲೆ ಹೊರಬಂತು, ಮಣ್ಣು ಮತ್ತು ಎಣ್ಣೆ ಸೇರಿ ಗುರುತೇ ಸಿಗದ ಹಾಗಿತ್ತು. ಇಬ್ಬರೂ ನೀರಿನ ಹಿಂದೆ ತೆವಳಿಕೊಂಡು ಬೆಳಕಿಗೆ ಬಂದರು.

ತೊಟ್ಟಿಗೆ ಹೆಬ್ಬೆರಳು ದಪ್ಪದ ನೀರು ಬೀಳುತ್ತಿತ್ತು. ಆದರೆ ಅಂಗಳದಲ್ಲಿ ಅದನ್ನು ಯಾರೂ ನೋಡುತ್ತಿರಲಿಲ್ಲ. ಜನವೆಲ್ಲ ಜಗಲಿಯ ಸುತ್ತ ನಿಂತಿತ್ತು. ಬೋರಿನ ಲಾರಿಯ ಡ್ರೈವರು ದೊಡ್ಡ ಶರೀರದ ತಮಿಳು ಮನುಷ್ಯ. ಕಾದು ಕಾದು ಬೇಸರವಾಗಿ, ಮೊಳೆಯಲ್ಲಿ ನೇತಾಡುತ್ತಿದ್ದದ್ದು ಎಂತ ಎಂದು ಕೇಳಿದನಂತೆ. ಹರಿನಾಥ ಗೆರಟೆ ಗೆರಟೆ ಎಣ್ಣೆ ಕುಡಿದು ಸಪೂರವಾದ ಮನುಷ್ಯನ ಕಥೆಯನ್ನು ಬಾಯಿ ತುಂಬ ಹೇಳಿದನಂತೆ. ಈಗ ತಂತಿಯಲ್ಲಿ ಬಿಗಿದ ಬಳೆ ಡ್ರೈವರನ ಹೊಟ್ಟೆಯ ನಡುವೆ ಕೂತಿತ್ತು. ಈ ಸಲ ಅದು ಒಂದು ನೂಲೂ ಜಾರುವ ಹಾಗಿರಲಿಲ್ಲ. ಪಾಪ, ಅವನ ಕಣ್ಣಲ್ಲಿ ನೀರು ಬಂದಿತ್ತು.

ಅಮ್ಮಣಿಯ ಕೈಯಲ್ಲಿ ಗೆರಟೆ ಇನ್ನೂ ಇತ್ತು, ಅದರಲ್ಲಿ ಅರ್ಧ ಎಣ್ಣೆಯೂ ಇತ್ತು. ಅವಳು ಜನವನ್ನು ಸರಿಸಿಕೊಂಡು ಹತ್ತಿರ ಬಂದಳು. ಡ್ರೈವರು ಗೆರಟೆ ನೋಡಿದವನೇ ಕಣ್ಣು ಮುಚ್ಚಿ, ಕತ್ತು ಹಿಂದಕ್ಕೆ ಎಸೆದು, ದೊಡ್ಡದಾಗಿ ಬಾಯಿ ತೆರೆದ.

ಚೆನ್ನಪ್ಪ ಒದ್ದೆ ಕೈಯಿಂದ ಅವನ ಗಲ್ಲ ಹಿಡಿದು ಬಾಯಿಯನ್ನು ಮೆಲ್ಲನೆ ಮುಚ್ಚಿದ.

"ಬಾಯಿಗಲ್ಲ ಮಾರಾಯ್ರೆ," ಎಂದ. "ಸೊಂಟಕ್ಕೆ. ಇಷ್ಟೇ ಸಾಕು."